ಸುಳ್ಳೂರಿನ ತರಲೆ

ಪ್ರಾಸ್ಪೆಕ್ಟ್, ಅಡಿಲೇಡ್
12 ನವೆಂಬರ್ 2017

ಪ್ರೀತಿಯ ಐಲ್ಸಾ,

ಹೇಗಿದ್ದೀಯೆ ಕಣೆ? ಕಾಲಮ್ ಹೇಗಿದ್ದಾನೆ? ಫ್ಲಿಂಡರ್ಸ್ ದ್ವೀಪದ ಗಾಳಿಗೆ ನಿಮ್ಮ ಮನೆಯ ಛಾವಣಿ ಇನ್ನೂ ನಿಂತಿದೆಯೋ, ಹಾರಿ ಸಮುದ್ರ ಸೇರಿತೋ? ನೀನು ಎರಡು ಕಾಗದ ಬರೆದರೂ ನಾನೊಂದು ಸಾಲು ಹಾಕಲಿಲ್ಲ. ಬೈದುಕೋ, ಬೈಯುವ ಹಕ್ಕು ನಿನಗಿದೆ. ಬರೆಯಲು ಕೂತಾಗಲೆಲ್ಲ ಎರಡು ಸಾಲು ಗೀಚಿ ಹರಿದು ಎಸೆಯುತ್ತಿದ್ದೆ. ದುಃಖಕ್ಕಲ್ಲ, ಸಿಟ್ಟಿಗೆ. ಕಾಲೇಜಿನ ಹಾಸ್ಟೆಲ್ಲಿನ ಕಾಲದಿಂದಲೂ ನಾವಿಬ್ಬರು ಮನಸ್ಸಿಗೆ ತಾಗಿದ್ದನ್ನೆಲ್ಲ ಕಾಗದದಲ್ಲೇ ಹೇಳಿಕೊಂಡು ಬಂದವರು. ಇದೂ ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ.

ನನ್ನನ್ನು ಕೆಲಸದಿಂದ ತೆಗೆದುಹಾಕಿದರು ಐಲ್ಸಾ.

ತೆಗೆದವನು ಯಾರು ಅಂತ ಬೇರೆ ಹೇಳಬೇಕೆ? ಡಂಕನ್ ಲೀಥ್. ನೀನು ಕಾಲಮ್‌ನನ್ನು ಕಟ್ಟಿಕೊಂಡು ದ್ವೀಪಕ್ಕೆ ಹೊರಡುವ ಸ್ವಲ್ಪ ಮುಂಚೆ ಸಿಡ್ನಿಯಿಂದ ಬಂದು ನಮ್ಮ ತಲೆಯ ಮೇಲೆ ಕೂತನಲ್ಲ, ಅದೇ ಇಸ್ತ್ರಿ ಮಾಡಿದ ಮುಖದ ಮ್ಯಾನೇಜರು. ಬೆಳಿಗ್ಗೆ ಹೋಗುತ್ತಲೇ ಗಾಜಿನ ಕೋಣೆಗೆ ಕರೆದ. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಕಪ್ಪೆಯ ಆಕಾರದ ಹಸಿರು ಫ್ರಾಗ್ ಕೇಕು. "ತಗೊಳ್ಳಿ ಬ್ರಾನ್, ತಗೊಳ್ಳಿ," ಅಂದ. ಯಾರದೋ ಹುಟ್ಟುಹಬ್ಬ ಇರಬೇಕು ಅಂದುಕೊಂಡು ನಾನು ಕಪ್ಪೆಯ ತಲೆಯನ್ನು ಕಚ್ಚಿ ಬಾಯಿಗೆ ಹಾಕಿಕೊಂಡೆ. ಆಗ ಶುರುಮಾಡಿದ.

"ಸುಳ್ಳೂರು ಈಗ ಪೂರ್ತಿ ಆಗಿದೆ. ಮನೆ ಕಟ್ಟಿ ಮುಗಿದ ಮೇಲೂ ಮೇಸ್ತ್ರೀನ ಒಳಗೇ ಇಟ್ಕೊಂಡ್ರೆ ಮನೆಯೋರು ಮಲಗೋದೆಲ್ಲಿ, ಹೇಳಿ?"

ಬಾಯಿತುಂಬ ಕೇಕು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಉಂ, ಉಂ" ಅಂತ ತಲೆ ಆಡಿಸಿಬಿಟ್ಟೆ. ಅದನ್ನೇ ಅವನು ಒಪ್ಪಿಗೆ ಅಂದುಕೊಂಡ. "ನೀವು ಇಷ್ಟು ಚೆನ್ನಾಗಿ ಅರ್ಥ ಮಾಡ್ಕೊತೀರಿ ಅಂತ ನನಗೆ ಗೊತ್ತಿತ್ತು," ಅಂದು ಕೈ ಕುಲುಕಿದ. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಸುಳ್ಳೂರಿನ ಕಥೆ ನಿನಗೆ ಹೇಳುವುದೆಂದರೆ ನಿನ್ನ ಮಗುವಿನ ಹೆಸರನ್ನು ನಿನಗೇ ಹೇಳಿದ ಹಾಗೆ. ಆದರೂ ಹೇಳಿಕೊಳ್ಳುತ್ತೇನೆ, ಹೇಳಿಕೊಳ್ಳದಿದ್ದರೆ ಎದೆ ಒಡೆಯುತ್ತದೆ. ಆ ಹಳೆಯ ಟೈರು ಗೋದಾಮಿನ ಹಿಂದಿನ ಶೆಡ್ಡಿನಲ್ಲಿ, ಒಂದೇ ಫ್ಯಾನಿನ ಕೆಳಗೆ, ನಾವಿಬ್ಬರೇ ಕೂತು ಶುರುಮಾಡಿದ್ದು. ಕಂಪನಿ ಮನೆಮನೆಗೂ ಒಂದು ಪೆಟ್ಟಿಗೆ ಮಾರಬೇಕು. ಆ ಪೆಟ್ಟಿಗೆ ಬಾಗಿಲ ಬೀಗ, ದೀಪ, ಏಸಿ, ಹೊಗೆಯ ಗಂಟೆ ಎಲ್ಲವನ್ನೂ ನೋಡಿಕೊಳ್ಳಬೇಕು. ಎಲ್ಲ ಪೆಟ್ಟಿಗೆಗಳೂ ಒಂದೇ ಕೇಂದ್ರದ ಜೊತೆ ಮಾತಾಡುತ್ತಿರಬೇಕು. ಲಕ್ಷ ಮನೆಗೆ ಹಾಕಿದರೆ ಏನಾಗುತ್ತದೆ ಅಂತ ನೋಡಲು ಲಕ್ಷ ಮನೆ ಯಾರು ಕೊಡುತ್ತಾರೆ? ಅದಕ್ಕೇ ಕಂಪ್ಯೂಟರಿನೊಳಗೆ ಒಂದು ಸುಳ್ಳು ಊರು. ಸುಳ್ಳು ಮನೆ, ಸುಳ್ಳು ಕೆಟಲ್ಲು, ಸುಳ್ಳು ಅಜ್ಜಿ, ಬಾಗಿಲ ಕ್ಯಾಮೆರಾದ ಮುಂದೆ ಹಾದುಹೋಗುವ ಸುಳ್ಳು ನಾಯಿ. ಗೋಡೆ, ತಂತಿ, ರಸ್ತೆ ಎಲ್ಲ ನಿನ್ನದು. ಮನೆಯೊಳಗೆ ಜನರನ್ನು ತುಂಬಿದವಳು ನಾನು.

ಊರಿಗೆ ಒಮ್ಮೆ ಕರೆಂಟು ತೆಗೆದು ಮತ್ತೆ ಕೊಟ್ಟರೆ ಸಾಕು, ಇಡೀ ಸುಳ್ಳೂರು ಮಕಾಡೆ ಮಲಗುತ್ತಿತ್ತಲ್ಲ, ನೆನಪಿದೆಯೆ? ಲಕ್ಷ ಪೆಟ್ಟಿಗೆಯೂ ಅದೇ ಕ್ಷಣ ಎದ್ದು ಅದೇ ಕ್ಷಣ ಕೇಂದ್ರದ ಬಾಗಿಲಿಗೆ ನುಗ್ಗುತ್ತಿದ್ದವು. ನೀನು ತಲೆ ಚಚ್ಚಿಕೊಂಡೆ. ನನಗೆ ನೆನಪಾದದ್ದು ಬ್ರೋಕನ್ ಹಿಲ್ಲಿನಲ್ಲಿ ಅಮ್ಮ ನಡೆಸುತ್ತಿದ್ದ ಪಬ್ಬು. ಗಣಿಯ ಸೈರನ್ ಕೂಗಿದ ಕೂಡಲೇ ಪಾಳಿ ಮುಗಿಸಿದ ಗಂಡಸರೆಲ್ಲ ಒಟ್ಟಿಗೇ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಅಮ್ಮ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬನಿಗೆ ಒಂದೊಂದು ಚುಚ್ಚುಮಾತು ಎಸೆಯುತ್ತಿದ್ದಳು. "ಏನಯ್ಯಾ, ಹೆಂಡ್ತಿ ಇವತ್ತಾದ್ರೂ ಒಳಗೆ ಬಿಟ್ಕೊಂಡ್ಳಾ?" ಅವನು ನಿಂತು ಉತ್ತರ ಕೊಡುವಷ್ಟರಲ್ಲಿ ಮುಂದಿನವನು ಒಳಗೆ ಹೋಗಿ ಕೂತಿರುತ್ತಿದ್ದ. ನಾನು ಪೆಟ್ಟಿಗೆಗಳಿಗೂ ಅದನ್ನೇ ಕಲಿಸಿದೆ. ಕರೆಂಟು ಬಂದರೆ ಒಂದು ಪೆಟ್ಟಿಗೆ ತಲೆ ಕೆರೆದುಕೊಂಡು ಬರಲಿ, ಇನ್ನೊಂದು ಆಕಳಿಸಿಕೊಂಡು ಬರಲಿ, ಒಂದು ಬಂದ ಹೊತ್ತಿಗೇ ಇನ್ನೊಂದು ಬೇಡ. ನೀನು ಬಿದ್ದು ಬಿದ್ದು ನಕ್ಕೆ. "ಅಯ್ಯೋ ಇವಳ! ಪೆಟ್ಟಿಗೇಗೂ ತರಲೆ ಕಲಿಸ್ತಿದ್ದಾಳಲ್ಲೇ!" ಅಂದೆ. ಅವತ್ತಿನಿಂದ ಆ ಭಾಗಕ್ಕೆ ತರಲೆ ಎಂದೇ ಹೆಸರಾಯಿತು. ಅದಾದ ಮೇಲೆ ಸುಳ್ಳೂರು ಒಂದು ಸಲವೂ ಬೀಳಲಿಲ್ಲ.

ಅಂಥ ಊರಿಗೆ ಈ ಡಂಕನ್ ತನ್ನ ಹೆಸರಿಟ್ಟಿದ್ದಾನೆ. ಈಗ ಅದು 'ಲೀಥ್ ಮಾದರಿ'. ಗೋಡೆಯ ಮೇಲೆ ದೊಡ್ಡ ಹಿತ್ತಾಳೆ ಅಕ್ಷರದಲ್ಲಿ ಹಾಕಿಸಿದ್ದಾನೆ. ನಾನು ನನ್ನ ಮಗ್ಗು, ಗಿಡದ ಕುಂಡ ಎತ್ತಿಕೊಂಡು ಆ ಗೋಡೆಯ ಮುಂದೆಯೇ ನಡೆದು ಹೊರಗೆ ಬಂದೆ.

ಕೇಳು. ನನಗೆ ಬೇರೆ ಕೆಲಸ ಸಿಗುತ್ತದೆ, ಅದರ ಚಿಂತೆ ಇಲ್ಲ. ನನಗೆ ನನ್ನ ಊರು ಬೇಕು, ಅದರ ಮೇಲೆ ನನ್ನ ಹೆಸರು ಬೇಕು. ಮತ್ತೆ, ನಾಲ್ಕು ಜನರ ಮುಂದೆ ಅವನ ನೀರಿಳಿಯುವುದನ್ನು ಈ ಕಣ್ಣಲ್ಲಿ ನೋಡಬೇಕು. ನಿನ್ನ ಹತ್ತಿರ ಅಲ್ಲದೆ ಇನ್ನಾರ ಹತ್ತಿರ ಇದನ್ನು ಹೇಳಲಿ?

ಕಾಲಮ್‌ಗೆ ನನ್ನ ನೆನಪು ಹೇಳು.

ನಿನ್ನ
ಬ್ರಾನ್

ಪ್ರಾಸ್ಪೆಕ್ಟ್, ಅಡಿಲೇಡ್
3 ಫೆಬ್ರವರಿ 2018

ಪ್ರೀತಿಯ ಐಲ್ಸಾ,

ಇಲ್ಲಿ ಎಂಥ ಸೆಕೆ ಅಂದರೆ ಹಿತ್ತಲಿನ ನಿಂಬೆಗಿಡ ನಿಂತಲ್ಲೇ ಬೇಯುತ್ತಿದೆ. ಪರದೆ ಎಳೆದುಕೊಂಡು, ಕಾಲನ್ನು ಬಕೆಟ್ಟಿನ ನೀರಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನಿನ್ನ ಕಾಗದ ಸಿಕ್ಕಿತು. "ಬಿಟ್ಟುಬಿಡು ಬ್ರಾನ್. ನಿನ್ನದು ಮೃದು ಮನಸ್ಸು, ಜಗಳ ನಿನಗೆ ಒಗ್ಗುವುದಿಲ್ಲ. ಅವನ ಪಾಪ ಅವನಿಗೆ," ಅಂತ ಬರೆದಿದ್ದೀಯೆ. ನಿನ್ನ ಅಕ್ಷರ ನೋಡಿಯೇ ಅರ್ಧ ಸಮಾಧಾನವಾಯಿತು. ಇನ್ನರ್ಧ ಸಮಾಧಾನ ಮಾತ್ರ ಬಿಡುವುದರಿಂದ ಬರುವಂಥದ್ದಲ್ಲ ಕಣೆ.

ಯಾಕೆ ಅಂತ ಹೇಳುತ್ತೇನೆ, ಕುರ್ಚಿ ಎಳೆದುಕೊಂಡು ಕೂತು ಓದು.

ಥುಯ್ ಸಿಕ್ಕಿದ್ದಳು. ನೀನು ಹೋದ ಮೇಲೆ ಸೇರಿದವಳು, ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವ ಕೆಲಸ, ನನ್ನ ಪಕ್ಕದ ಕುರ್ಚಿ. ನಾಲ್ಕು ಮಕ್ಕಳ ತಾಯಿ, ಬಾಯಿ ಜೋರು, ಮನಸ್ಸು ಚಿನ್ನ. ಸೆಂಟ್ರಲ್ ಮಾರ್ಕೆಟ್ಟಿನಲ್ಲಿ ಲಕ್ಸಾದ ಖಾರದ ಸೂಪು ಹೀರುತ್ತಾ ಕೂತಿದ್ದೆವು. ಮೂಗಿನಲ್ಲಿ ನೀರು ಸುರಿಸಿಕೊಂಡು, "ಬ್ರಾನ್, ನಿನ್ನ ತರಲೇನ ತೆಗೆದ್ಬಿಟ್ಟ ಕಣೇ," ಅಂದಳು.

"ಏನಂದೆ?"

"ತೆಗೆದ್ಬಿಟ್ಟ. ಗ್ರಾಫು ನೋಡಿ ಮುಖ ಗಂಟು ಹಾಕ್ಕೊಂಡ. 'ಈ ಗೆರೆ ಯಾಕೆ ಹಿಂಗೆ ಕುಡಿದೋನ ಥರ ಓಲಾಡ್ತಿದೆ?' ಅಂದ. ತರಲೆ ಇದೆ ಸಾರ್, ಒಂದೊಂದು ಮನೆ ಒಂದೊಂದು ಹೊತ್ತಿಗೆ ಏಳುತ್ತೆ ಅಂದೆ. 'ಗಿರಾಕಿ ಯಾಕೆ ಕಾಯಬೇಕು? ನಮ್ಮ ಪೆಟ್ಟಿಗೆ ಕಣ್ಣುಮುಚ್ಚಿ ತೆಗೆಯೋದ್ರಲ್ಲಿ ಏಳಬೇಕು. ಈ ಹಳ್ಳಿ ತಮಾಷೆ ಎಲ್ಲ ಕಿತ್ತುಹಾಕಿ' ಅಂದ."

"ಸುಳ್ಳೂರಲ್ಲಿ ಮಾತ್ರಾನಾ?"

"ನಿಜದ ಪೆಟ್ಟಿಗೆಯಲ್ಲೂ. ಎರಡರಲ್ಲೂ ಓಡೋದು ಒಂದೇ ಅಲ್ವಾ!"

ಐಲ್ಸಾ, ನಾನು ಚಮಚ ಕೆಳಗಿಟ್ಟು ನಗಲು ಶುರುಮಾಡಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನವೆಂಬರಿನಿಂದ ನನ್ನ ನಾಲಿಗೆಗೆ ರುಚಿಯೇ ಇರಲಿಲ್ಲ. ಅವತ್ತು ಲಕ್ಸಾದ ಬಟ್ಟಲನ್ನು ಎತ್ತಿ ಕೊನೆಯ ಗುಟುಕಿನವರೆಗೂ ಕುಡಿದೆ. ಎದೆಗೆ ಹಾಲು ಹುಯ್ದ ಹಾಗಾಯಿತು.

ಮುಂದಿನದು ಇನ್ನೂ ರುಚಿ. ಸರ್ಕಾರಿ ಬಾಡಿಗೆ ಮನೆಗಳಿಗೆಲ್ಲ ಈ ಪೆಟ್ಟಿಗೆ ಹಾಕಿಸುವ ಮಾತು ನಡೆಯುತ್ತಿದೆ. ಆ ಮನೆಗಳ ಜವಾಬ್ದಾರಿ ಹೊತ್ತ ಮೇಲಧಿಕಾರಿ ವಾಸೊ ಮಾನೊಲಾಸ್ ಅಂತ ಒಬ್ಬ ಹೆಂಗಸು. ಮೇ ತಿಂಗಳಲ್ಲಿ ಡಂಕನ್ ಅವರ ಮುಂದೆ, ಜನರನ್ನೂ ಕರೆದು, ಸುಳ್ಳೂರನ್ನು ಓಡಿಸಿ ತೋರಿಸುತ್ತಾನಂತೆ. ಎಲ್ಲ ಸರಿಹೋದರೆ ಮಾರನೆಯ ವಾರದಿಂದಲೇ ನಿಜವಾದ ಮನೆಗಳಿಗೆ.

ಥುಯ್ ಪಾಪ, ಹೆದರಿಕೊಂಡಳು. "ಹೇಳ್ಬಿಡೋಣ ಬ್ರಾನ್. ನಾನೇ ಹೇಳ್ತೀನಿ. ಆ ಮನೆಗಳಲ್ಲಿ ವಯಸ್ಸಾದೋರು ಇರ್ತಾರೆ, ಬೀಗ ಹಾಕ್ಕೊಂಡ್ರೆ ಗತಿ ಏನು?"

"ಬಾಯಿ ಬಿಟ್ಟರೆ ನೋಡು," ಅಂದೆ. "ನಿಜದ ಮನೆಗೆ ಹೋಗೋಕೆ ಮುಂಚೆ ಸುಳ್ಳು ಮನೆ ಬೀಳುತ್ತೆ. ಬೀಳೋ ಹಾಗೆ ನಾನು ನೋಡ್ಕೊತೀನಿ."

"ಹೆಂಗೆ?"

"ಹೋಗಿ ಕೂತ್ಕೊತೀನಿ. ಯಾರೂ ಕೇಳದಿದ್ರೆ ನಾನೇ ಕೈಯೆತ್ತಿ ಕೇಳ್ತೀನಿ, ಊರಿಗೆ ಕರೆಂಟು ತೆಗೆದು ಮತ್ತೆ ಕೊಡಿ ಅಂತ. ಕೇಳೋಕೆ ಅಷ್ಟೇ ಇರೋದು."

ಇಲ್ಲಿಯ ಜನ ಅದನ್ನು ಕೇಳದೆ ಬಿಡುವುದಿಲ್ಲ ಐಲ್ಸಾ. ನೀನು ದ್ವೀಪಕ್ಕೆ ಹೋದ ಮರುತಿಂಗಳೇ ಇಡೀ ರಾಜ್ಯಕ್ಕೆ ಕರೆಂಟು ಹೋಯಿತಲ್ಲ, ಆ ಬಿರುಗಾಳಿಯ ದಿನ? ಟ್ರಾಮುಗಳು ನಿಂತಲ್ಲೇ ನಿಂತವು, ಸಿಗ್ನಲ್ಲುಗಳು ಆರಿಹೋದವು, ನಾನು ನಡೆದುಕೊಂಡೇ ಮನೆಗೆ ಬಂದೆ. ಇಲ್ಲಿ ಹೊಸಬರ ಪರಿಚಯವಾದರೆ ಈಗಲೂ ಎರಡನೆಯ ಮಾತು, "ಅವತ್ತು ನೀವೆಲ್ಲಿದ್ರಿ?" ಡಂಕನ್ ಆ ವಾರ ಸಿಡ್ನಿಯಲ್ಲಿ ಮಡದಿಯ ಕೈ ಅಡುಗೆ ತಿನ್ನುತ್ತಿದ್ದ. ಅವನಿಗೆ ಕರೆಂಟು ಹೋಗುವುದೆಂದರೆ ಮನೆಯ ಫ್ಯೂಸು ಸುಟ್ಟ ಹಾಗೆ, ಅಷ್ಟೇ.

ನೀನು ಕೇಳಬಹುದು, ಬ್ರಾನ್, ಬಡವರ ಹಿತಕ್ಕಾಗಿ ಹೀಗೆ ಮಾಡುತ್ತಿದ್ದೀಯಾ ಅಂತ. ನಿನ್ನ ಮುಂದೆ ಸುಳ್ಳು ಹೇಳಲಾರೆ. ಹಿತಕ್ಕಾಗಿಯಾದರೆ ಇವತ್ತೇ ಹೋಗಿ ಹೇಳುತ್ತಿದ್ದೆ. ಅವನು ನಾಲ್ಕು ಗೋಡೆಯೊಳಗೆ ತಪ್ಪು ತಿದ್ದಿಕೊಂಡು, ಮತ್ತೆ ಮೀಸೆ ತಿರುವಿಕೊಂಡು ವೇದಿಕೆ ಹತ್ತುವುದು ನನಗೆ ಬೇಡ. ಅವನು ಎಲ್ಲರ ಮುಂದೆ ಮುಗ್ಗರಿಸಬೇಕು. ಮುಗ್ಗರಿಸಿದಾಗ ಅವನು ಹುಡುಕುವ ಮುಖ ನನ್ನದೇ ಆಗಿರಬೇಕು. ಇದಕ್ಕೆ ಸೇಡು ಅಂತಲೇ ಹೆಸರು, ನನಗೇನೂ ನಾಚಿಕೆಯಿಲ್ಲ.

ಇದು ಗೊತ್ತಿರುವುದು ಥುಯ್‌ಗೆ, ನನಗೆ, ಈಗ ನಿನಗೆ. ಕಾಗದ ಓದಿ ಒಲೆಗೆ ಹಾಕು.

ಕಾಲಮ್‌ನ ಬೆನ್ನುನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು.

ನಿನ್ನ
ಬ್ರಾನ್

ಪ್ರಾಸ್ಪೆಕ್ಟ್, ಅಡಿಲೇಡ್
27 ಮೇ 2018

ಐಲ್ಸಾ,

ಕ್ಷೇಮವೆಂದು ನಂಬಿದ್ದೇನೆ. ಪ್ರದರ್ಶನ ಮುಗಿದ ಕೂಡಲೇ ಬರೆಯುತ್ತೇನೆ ಅಂತ ಹೇಳಿದ್ದೆ, ಆಗಲಿಲ್ಲ. ನೀನು ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಕಾಗದದಲ್ಲೇ ಹೇಳೋಣ ಅಂತ ಇಟ್ಟುಕೊಂಡಿದ್ದೆ. ತಡವಾದದ್ದಕ್ಕೆ ತಪ್ಪಾಯಿತು.

ಗೆದ್ದೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಮಿಕ್ಕಿದ್ದನ್ನು ನಿಧಾನವಾಗಿ ಓದು.

ನನ್ನ ಕೆಂಪು ಕೋಟು ಹಾಕಿಕೊಂಡು ಹೋದೆ. ಅಮ್ಮ ಇದ್ದಿದ್ದರೆ, "ಯಾರ ಮದುವೇನೇ?" ಅನ್ನುತ್ತಿದ್ದಳು. ಪೋರ್ಟ್ ರಸ್ತೆಯ ದೊಡ್ಡ ಸಭಾಂಗಣ, ತುಂಬ ಜನ. ಸರ್ಕಾರದವರು, ಪೇಪರಿನವರು, ಬಾಡಿಗೆ ಮನೆಗಳಿಂದ ಬಂದ ಒಂದಷ್ಟು ಹಿರಿಯರು. ವೇದಿಕೆಯ ಹಿಂದಿನ ಗೋಡೆಯುದ್ದಕ್ಕೂ ಸುಳ್ಳೂರು. ಕಪ್ಪು ತೆರೆಯ ಮೇಲೆ ಲಕ್ಷ ಚುಕ್ಕಿ, ಒಂದೊಂದು ಚುಕ್ಕಿಯೂ ಒಂದು ಮನೆ, ಎಲ್ಲ ಹಸಿರು. ಬಹಳ ದಿನದ ಮೇಲೆ ನೋಡುತ್ತಿದ್ದೆ. ಆ ಮನೆಗಳ ಜನ ನನಗೆ ಗೊತ್ತಿದ್ದವರು ಕಣೆ. ಯಾವ ಮನೆಯವನು ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಮರೆಯುತ್ತಾನೆ, ಯಾವ ಮನೆಯವಳು ಗಂಡನ ಮೇಲಿನ ಸಿಟ್ಟಿಗೆ ದೀಪ ಎಲ್ಲ ಹಾಕುತ್ತಾಳೆ, ಎಲ್ಲವನ್ನೂ ಕೂತು ಯೋಚಿಸಿ ಇಟ್ಟವಳು ನಾನು.

ಡಂಕನ್ ಬಾಗಿಲಲ್ಲೇ ಸಿಕ್ಕಿದ. ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದೆ. ಇಲ್ಲ, ನಕ್ಕ.

"ಬನ್ನಿ ಬನ್ನಿ ಬ್ರಾನ್. ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು. ಹಿಂದಿನ ಸಾಲಲ್ಲಿ ನಿಮಗೇ ಅಂತ ಒಂದು ಕುರ್ಚಿ ಇಡಿಸಿದ್ದೀನಿ."

ಯಾರು ಹೇಳಿದರು ಇವನಿಗೆ ಅಂತ ಒಂದು ಕ್ಷಣ ಮನಸ್ಸು ಕಸಿವಿಸಿಯಾಯಿತು. ಥುಯ್ ಕಡೆ ನೋಡಿದೆ. ಅವಳು ದೂರದಿಂದಲೇ ಇಲ್ಲ ಅನ್ನುವ ಹಾಗೆ ತಲೆಯಾಡಿಸಿದಳು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಅವನು ಮಾತಾಡಿದ, ಮಾತಾಡಿದ. ಲೀಥ್ ಮಾದರಿ ಹಾಗೆ, ಲೀಥ್ ಮಾದರಿ ಹೀಗೆ. ಸುಳ್ಳೂರಿಗೆ ಬೇಸಿಗೆ ತಂದ, ಲಕ್ಷ ಏಸಿ ಹಾಕಿದ. ಎಲ್ಲ ಹಸಿರೇ. ಬೆಳಗು ತಂದ, ಲಕ್ಷ ಕೆಟಲ್ಲು ಕುದಿಸಿದ. ಹಸಿರೇ. ಜನ ಚಪ್ಪಾಳೆ ತಟ್ಟಿದರು. ಗ್ರಾಫಿನ ಗೆರೆ ನಿಜಕ್ಕೂ ಬಾಚಿದ ತಲೆಯ ಹಾಗೆ ನುಣ್ಣಗಿತ್ತು. "ಪ್ರಶ್ನೆ ಇದ್ರೆ ಕೇಳಿ," ಅಂದ. ನಾನು ಕೈಯೆತ್ತಲು ಹೊರಟೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ವಾಸೊ ಮಾನೊಲಾಸ್ ಎದ್ದು ನಿಂತರು. ಗಿಡ್ಡ ಹೆಂಗಸು, ಕಪ್ಪು ಉಡುಪು, ಕೊರಳಲ್ಲಿ ಕನ್ನಡಕದ ಸರ.

"ಮಿಸ್ಟರ್ ಲೀಥ್, ನೀವು ಈ ಊರಿನೋರಾ?"

"ನಾನು ಸಿಡ್ನಿಯಿಂದ..."

"ಅದಕ್ಕೇ ಕೇಳಿದೆ. ಅವತ್ತು ಕರೆಂಟು ಹೋದಾಗ ನಮ್ಮತ್ತೆ ಲಿಫ್ಟಲ್ಲಿದ್ರು. ಇಲ್ಲಿ ಕೂತಿರೋ ಒಬ್ಬೊಬ್ಬರ ಹತ್ರಾನೂ ಒಂದೊಂದು ಕಥೆ ಇದೆ. ಎಲ್ಲಿ, ನಿಮ್ಮ ಊರಿಗೆ ಕರೆಂಟು ತೆಗೀರಿ."

"ಒಂದು ಬೀದಿಗೆ ತೆಗೆದು ತೋರಿಸ್ತೀನಿ ಮೇಡಂ."

"ಬೀದಿಗೆ ಯಾಕೆ? ಪೂರ್ತಿ ತೆಗೀರಿ."

ಜನರೆಲ್ಲ "ಹೌದು, ತೆಗೀರಿ" ಅಂದರು. ಡಂಕನ್ ಅಲ್ಲಿಂದಲೇ ಹಿಂದಿನ ಸಾಲಿಗೆ ಕಣ್ಣು ಹಾಯಿಸಿದ. ನಾನು ಕೋಟಿನ ಗುಂಡಿ ಸರಿಮಾಡಿಕೊಂಡೆ. ಅವನ ಕತ್ತಿನ ಪಟ್ಟಿ ಒದ್ದೆಯಾದದ್ದು ಅಷ್ಟು ದೂರದಿಂದಲೂ ಕಾಣಿಸಿತು.

ಕರೆಂಟು ತೆಗೆದ. ಗೋಡೆ ಕಪ್ಪಾಯಿತು.

"ಈಗ ಕೊಡಿ," ಅಂದರು ವಾಸೊ.

ಕೊಟ್ಟ. ಲಕ್ಷ ಚುಕ್ಕಿಯೂ ಒಟ್ಟಿಗೇ ಹಸಿರಾದವು. ಎಷ್ಟು ಚೆಂದ ಅಂತೀಯೆ! ಯಾರೋ ಚಪ್ಪಾಳೆ ತಟ್ಟಿದರು, ಅವನ ಮುಖದಲ್ಲಿ ನಗೆ ಮೂಡಿತು. ಅಷ್ಟರಲ್ಲಿ ಎಲ್ಲ ಕೆಂಪು. ಮತ್ತೆ ಒಟ್ಟಿಗೇ ಹಸಿರು, ಒಟ್ಟಿಗೇ ಕೆಂಪು. ಲಕ್ಷ ಮನೆಯೂ ಒಂದೇ ಸಲ ಬಾಗಿಲು ತಟ್ಟುವುದು, ಒಂದೇ ಸಲ ಬೀಳುವುದು, ಮತ್ತೆ ಒಂದೇ ಸಲ ಏಳುವುದು. ಇಡೀ ಗೋಡೆ ಕಣ್ಣು ಮಿಟುಕಿಸತೊಡಗಿತು. ಹಿರಿಯರೊಬ್ಬರು, "ಕ್ರಿಸ್‌ಮಸ್ ಬೇಗ ಬಂತಲ್ಲಪ್ಪಾ!" ಅಂದರು. ಸಭೆ ಘೊಳ್ ಅಂತ ನಕ್ಕಿತು.

ವಾಸೊ ನಗಲಿಲ್ಲ. "ಹೀಗೆ ಮಿಣಕ್ತಾ ಇದೆಯಲ್ಲ, ಈ ಹೊತ್ತಲ್ಲಿ ಬೀಗಗಳು ಏನಾಗಿರ್ತವೆ?"

"ಅದು... ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತೆ."

"ಅಂದ್ರೆ ನನ್ನ ಬಾಡಿಗೆದಾರರು ಒಳಗಿದ್ರೆ ಒಳಗೇ, ಹೊರಗಿದ್ರೆ ಹೊರಗೇ."

"ಮೇಡಂ, ಇದು ಬರೀ ಸುಳ್ಳೂರು. ನಿಜ ಅಲ್ಲ."

"ಸುಳ್ಳಲ್ಲೇ ಹಿಂಗಾದ್ರೆ ನಿಜದ ಮನೆಗೆ ನಿಮ್ಮನ್ನ ಬಿಟ್ಕೊಳ್ಳೋದು ಹೆಂಗೆ?" ಅಂದು ಕೂತರು.

ಐಲ್ಸಾ, ನವೆಂಬರಿನಿಂದ ನಾನು ಕಾದಿದ್ದು ಆ ಗಳಿಗೆಗೆ. ಸುಳ್ಳು ಯಾಕೆ ಹೇಳಲಿ, ಹಬ್ಬದೂಟ ಉಂಡ ಹಾಗಾಯಿತು. ಗೋಡೆ ಇನ್ನೂ ಹಸಿರು ಕೆಂಪು ಅಂತ ಮಿಣುಕುತ್ತಲೇ ಇತ್ತು, ಅವನಿಗೆ ಅದನ್ನು ಆರಿಸುವುದೂ ಬರಲಿಲ್ಲ. ಮೈಕಿನಲ್ಲೇ ಕೇಳಿದ, "ಬ್ರಾನ್, ಸ್ವಲ್ಪ ಬರ್ತೀರಾ?" ತಲೆಗಳೆಲ್ಲ ಹಿಂದೆ ತಿರುಗಿದವು. ನಾನು ಆತುರಪಡಲಿಲ್ಲ. ಎದ್ದು ಕೋಟು ಕೊಡವಿಕೊಂಡು, ನಡುವಿನ ದಾರಿಯಲ್ಲಿ ನಡೆದು ಹೋಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

"ತರಲೆ ಎಲ್ಲಿ ಡಂಕನ್?"

"ತೆಗೆದು... ತೆಗೆದ್ವಿ."

"ಹಳ್ಳಿ ತಮಾಷೆ ಅಂತ ತಾನೇ?"

ಅವನು ಕುರ್ಚಿ ಬಿಟ್ಟು ಸರಿದ. ನಾನು ಕೂತು ತರಲೆಯನ್ನು ವಾಪಸ್ಸು ಹಾಕಿದೆ. ಕರೆಂಟು ತೆಗೆದೆ, ಕೊಟ್ಟೆ. ಮೂಲೆಯಲ್ಲೊಂದು ಹಸಿರು ಚುಕ್ಕಿ, ಆಮೇಲೆ ಅಲ್ಲೊಂದು, ಇಲ್ಲೊಂದು, ಒಂದು ಆಕಳಿಸಿಕೊಂಡು, ಇನ್ನೊಂದು ಮೈ ಮುರಿದುಕೊಂಡು ಎದ್ದ ಹಾಗೆ, ನಿಧಾನವಾಗಿ ಊರು ಪೂರ್ತಿ ಹಸಿರಾಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನೋಡುತ್ತಾ ಕೂತರು. ವಾಸೊ ಕನ್ನಡಕ ಏರಿಸಿಕೊಂಡು, "ನೀವು ಯಾರಮ್ಮಾ?" ಅಂದರು. ಹೆಸರು ಹೇಳಿದೆ. "ಇದನ್ನ ಕಟ್ಟಿದ್ದು ನಾನು," ಅಂತಲೂ ಹೇಳಿದೆ.

ಆಮೇಲಿನದು ಬೇಗ ಬೇಗ ನಡೆಯಿತು. ಡಂಕನ್‌ನನ್ನು ಸಿಡ್ನಿಗೆ ಕರೆಸಿಕೊಂಡರು, ವಾಪಸ್ಸು ಬರುವುದಿಲ್ಲವಂತೆ. ಗೋಡೆಯ ಮೇಲಿನ ಹೆಸರನ್ನು ಥುಯ್ ಸ್ಕ್ರೂಡ್ರೈವರಿನಿಂದ ಕಿತ್ತು ತೆಗೆದಳು, ನಾನು ಕುರ್ಚಿ ಹಿಡಿದುಕೊಂಡಿದ್ದೆ. ಸರ್ಕಾರದ ಕೆಲಸ ಮುಂದುವರಿಯಬೇಕಾದರೆ ಸುಳ್ಳೂರು ನನ್ನ ಕೈಯಲ್ಲೇ ಇರಬೇಕು ಅಂತ ವಾಸೊ ಪಟ್ಟು ಹಿಡಿದಿದ್ದಾರೆ. ಮುಂದಿನ ಸೋಮವಾರದಿಂದ ಹೋಗುತ್ತೇನೆ.

ಹೊರಡುವ ಮುಂಚೆ ಡಂಕನ್ ಕಾರಿಡಾರಿನಲ್ಲಿ ಸಿಕ್ಕಿದ್ದ, ಎರಡು ಮಾತು ಆಡಿದ. ಅದನ್ನು ಕೊನೆಯಲ್ಲಿ ಬರೆದಿದ್ದೇನೆ.

ಮಟನ್‌ಬರ್ಡ್ ಹಕ್ಕಿ ಹಿಡಿಯುವ ಕಾಲ ಮುಗಿದಿರಬೇಕು ಅಲ್ಲಿ. ಕಾಲಮ್‌ನ ಬೆನ್ನು ವಾಸಿಯಾಗಲಿ, ಅವನು ಒಳ್ಳೆಯವನು. ನಿಮ್ಮ ಛಾವಣಿ ಗಟ್ಟಿಯಾಗಿರಲಿ, ಒಲೆ ಬೆಚ್ಚಗಿರಲಿ. ನಿನಗೆ ಕಣ್ತುಂಬ ನಿದ್ದೆ ಬರಲಿ.

ಬ್ರಾನ್ವಿನ್ ಟ್ರೆಗೆಂಜಾ

ಮತ್ತೊಂದು ಮಾತು: ಕಾರಿಡಾರಿನಲ್ಲಿ ನಾನು ಅವನ ಮುಖಕ್ಕೆ ಹೊಡೆದ ಹಾಗೆ ಕೇಳಿದೆ, "ನಾನು ಬರೋದು ನಿನಗೆ ಹೇಗೆ ಗೊತ್ತಾಯ್ತೋ?" ಕೆಲಸ ಹೋದವನಿಗೆ ಇನ್ನೇನು ಮುಲಾಜು, ಎಲ್ಲ ಕಕ್ಕಿದ. ನೀನು ದ್ವೀಪಕ್ಕೆ ಹೋದ ಮೇಲೂ ಫೋನಿನಲ್ಲೇ ಅವನ ಸಲಹೆಗಾರ್ತಿಯಾಗಿದ್ದೆಯಂತೆ. ಕಟ್ಟಿದ ಇಬ್ಬರಲ್ಲಿ ಯಾರನ್ನಾದರೂ ಬಿಟ್ಟರೆ ನಡೆಯುತ್ತದೆಯೇ ಅಂತ ಅವನು ಕೇಳಿದಾಗ, "ಬ್ರಾನ್ ಇಲ್ಲದಿದ್ರೂ ನಡೆಯುತ್ತೆ," ಅಂದವಳು ನೀನಂತೆ. ನನ್ನ ಎರಡು ಕಾಗದಗಳನ್ನೂ ಅವನಿಗೆ ಓದಿ ಹೇಳಿದೆಯಂತೆ. ತರಲೆಯ ವಿಷಯವನ್ನೂ ಹೇಳಿದೆಯಂತೆ, ಆದರೆ ಅದನ್ನು ವಾಪಸ್ಸು ಹಾಕಲು ಅವಸರ ಬೇಡ, ಪ್ರದರ್ಶನ ಕಳೆಯಲಿ, ಕರೆಂಟಿನ ಮಾತು ಯಾರೂ ಎತ್ತುವುದಿಲ್ಲ, ಬ್ರಾನ್‌ಗಂತೂ ಬಾಯಿ ಬಿಡುವ ಧೈರ್ಯವಿಲ್ಲ ಅಂದೆಯಂತೆ. ನಾನು ನಂಬಲಿಲ್ಲ. ಕಿರುಚಾಡಿದೆ. ಆಗ ಅವನು ನಿನ್ನ ದನಿಯಲ್ಲೇ ನಿನ್ನ ಮಾತು ಹೇಳಿದ. ನನ್ನನ್ನು ತೆಗೆಯುವ ಹಿಂದಿನ ದಿನ ಆಡಿದ್ದಂತೆ. ಇನ್ನಾರೂ ಆಡಲಾರದ ಮಾತು, ಕೇಳಿದ ಕೂಡಲೇ ನಂಬಿದೆ. "ಗಲಾಟೆ ಮಾಡೋಳಲ್ಲ ಬಿಡಿ. ಒಂದಷ್ಟು ಅಳ್ತಾಳೆ, ಕೂತು ನನಗೊಂದು ಕಾಗದ ಬರೀತಾಳೆ, ಅಲ್ಲಿಗೆ ಮುಗೀತು."

ಸುಳ್ಳೂರನ್ನು ಕಟ್ಟುವಾಗ ನಿಮ್ಮ ಜೊತೆ ಬೇರೆ ಯಾರಿದ್ದರು ಅಂತ ವಾಸೊ ಮೊನ್ನೆ ಕೇಳಿದರು, ಹೆಸರು ಬರೆಸಬೇಕಂತೆ. ಯಾರೂ ಇರಲಿಲ್ಲ ಅಂದೆ.

ಒಂದಷ್ಟು ಅತ್ತೆ, ಐಲ್ಸಾ. ಕೂತು ಕಾಗದವನ್ನೂ ಬರೆದೆ. ಅಲ್ಲಿಗೆ ಮುಗಿಯಿತು.